ಗರ ಬಿದ್ದ ಮೇಲೆ

ಬಸವಾಪಟ್ಟಣದ ನಮ್ಮ ಹಳೆಯ ಮನೆಯ ಜಗಲಿಯ ಚಪ್ಪಡಿಯ ಮೇಲೆ ಯಾರೋ ಚೌಕಾಬಾರದ ಇಪ್ಪತ್ತೈದು ಮನೆಗಳನ್ನು ಕೊರೆದಿಟ್ಟಿದ್ದರು. ಕೊರೆದವರು ಯಾರೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಿಸಿಲು ಇಳಿದ ಮೇಲೆ ನಮ್ಮ ದಾದಿ ನಾಲ್ಕು ಕವಡೆ, ನಾಲ್ಕು ಬಳೆಚೂರು ಹಿಡಿದು ಅಲ್ಲಿ ಕೂರುತ್ತಿದ್ದರು. ಎದುರಿಗೆ ಪಕ್ಕದ ಮನೆಯ ಲಿಂಗಾಯತರ ಅಜ್ಜಿ, ನಾಲ್ಕು ಹುಣಸೆಬೀಜದೊಂದಿಗೆ. ಇಬ್ಬರದೂ ದಿನಾ ಒಂದೇ ಜಗಳ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಇದರಲ್ಲಿ ತಕರಾರಿಲ್ಲ. ನಾಲ್ಕೂ ಬೋರಲು ಬಿದ್ದರೆ ಬಾರಾ. ಬಾರಾ ಎಂದರೆ ಎಷ್ಟು?

ಕರ್ನಾಟಕದ ಬಹುಪಾಲು ಮನೆಗಳಲ್ಲಿ ಎಂಟು. ಆದರೆ ಉರ್ದು ಆಡುವ ಕಿವಿಗೆ ಬಾರಾ ಎಂದರೆ ಹನ್ನೆರಡು. "ನಮ್ಮ ಮಾತಿನ ಲೆಕ್ಕ ನಮಗೆ ಗೊತ್ತಿಲ್ವೇನಕ್ಕಾ?" ಎಂದು ದಾದಿ ಬಳೆಚೂರನ್ನು ಹನ್ನೆರಡು ಮನೆ ನಡೆಸಿ ಅಜ್ಜಿಯ ಕಾಯಿಯನ್ನು ಹೊಡೆದು ಎತ್ತಿಬಿಡುತ್ತಿದ್ದರು. "ಬೂಬಮ್ಮಾ, ಬಾರಾ ಅಂದ್ರೆ ಎಂಟು ಕಣವ್ವ, ನಮ್ಮತ್ತೆ ಕಾಲದಿಂದ ಎಂಟೇ" ಎಂದು ಅಜ್ಜಿ ಕಾಯಿಯನ್ನು ಮರಳಿ ಇಡುತ್ತಿದ್ದರು. ದಾದಿಯ ಕುಶಾಲು ಏನೆಂದರೆ, ಎಂಟನೆಯ ಮನೆಯಲ್ಲಿ ಅಜ್ಜಿಯ ಕಾಯಿ ಕುಳಿತಿದ್ದ ದಿನ ಅವರು ಹನ್ನೆರಡರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅಂಥ ಒಂದು ದಿನ ಅಜ್ಜಿ ಹೇಳಿದ್ದು ನಮಗೆ ಇವತ್ತಿಗೂ ನೆನಪಿದೆ: "ಎಷ್ಟು ಅಂತ ಆಟಕ್ಕೆ ಮುಂಚೆ ಹೇಳ್ಬೇಕು ಬೂಬಮ್ಮಾ, ಗರ ಬಿದ್ದ ಮೇಲಲ್ಲ."

ಈ ಮಾತು ಮರಳಿ ನೆನಪಾಗಲು ಕಾರಣ ಬೆಂಗಳೂರಿನಲ್ಲಿರುವ ನಮ್ಮ ತಂಗಿಯ ಮಗ. ಅವನೂ ಅವನ ಗೆಳೆಯರೂ ಭಾನುವಾರಗಳಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಆಡುತ್ತಾರೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತ ಹೋಗುವ ಆಟ. ಒಬ್ಬ ಮಾತ್ರ ಆಟಗಾರನಲ್ಲ. ಅವನು ಕಥೆ ಹೇಳುವವನು, ತೀರ್ಪು ಕೊಡುವವನು. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂಬುದಕ್ಕೆ ಇಪ್ಪತ್ತು ಮುಖದ ದಾಳ ಎಸೆಯುತ್ತಾರೆ. ತಾಗಿದರೆ ಪೆಟ್ಟು ಎಷ್ಟೆಂಬುದಕ್ಕೆ ಬೇರೆ ದಾಳ. ಪ್ರತಿ ಪಾತ್ರಕ್ಕೂ ಇಂತಿಷ್ಟು ಜೀವದಂಕ ಇರುತ್ತದೆ. ಪೆಟ್ಟಿನ ಅಂಕ ಅದನ್ನು ತಿನ್ನುತ್ತ ಹೋಗಿ ಸೊನ್ನೆಗೆ ಇಳಿದರೆ ಬಿದ್ದಂತೆ.

ಹುಡುಗ ಫೋನ್ ಮಾಡಿ, "ಖಾಲಾ, ನೀವು ಕಥೆ ಬರೆಯುವವರು, ಒಂದು ನ್ಯಾಯ ಹೇಳಿ" ಎಂದ. ಇಪ್ಪತ್ತು ಮುಖದ ದಾಳದಲ್ಲಿ ನೇರ ಇಪ್ಪತ್ತೇ ಬಿದ್ದರೆ ಅದು ಭಾರೀ ಹೊಡೆತ, ಪೆಟ್ಟು ಇಮ್ಮಡಿ. ಆದರೆ ಯಾವುದು ಇಮ್ಮಡಿ? ಇವನ ಕತ್ತಿಗೆ ಎಂಟು ಮುಖದ ಒಂದು ದಾಳ, ಅದರ ಮೇಲೆ ತೋಳ್ಬಲದ ಮೂರು. ಎದುರಿಗಿದ್ದ ರಾಕ್ಷಸನಿಗೆ ಉಳಿದಿದ್ದುದು ಹದಿನೈದು ಜೀವದಂಕ. ಒಂದು ಪಂಗಡ ಹೇಳುತ್ತದೆ, ಎಂಟು ಮುಖದ ದಾಳವನ್ನು ಎರಡು ಸಲ ಎಸೆದು ಕೂಡಿಸಿ, ಮೂರನ್ನು ಒಮ್ಮೆ ಮಾತ್ರ ಸೇರಿಸಿ. ಇನ್ನೊಂದು ಪಂಗಡ, ಒಮ್ಮೆಯೇ ಎಸೆದು ಬಿದ್ದಷ್ಟನ್ನು ಇಮ್ಮಡಿ ಮಾಡಿ ಮೂರು ಸೇರಿಸಿ ಎನ್ನುತ್ತದೆ. ಮೂರನೆಯವರು, ದಾಳವನ್ನೂ ಎರಡು ಸಲ ಎಸೆಯಿರಿ, ಮೂರನ್ನೂ ಎರಡು ಸಲ ಸೇರಿಸಿ ಎನ್ನುತ್ತಾರೆ.

ಕೇಳಲು ಮಕ್ಕಳಾಟ. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ ನಮಗೆ ಆಶ್ಚರ್ಯವಾಯಿತು. ಮೊದಲ ಓದಿನಲ್ಲಿ ಆ ರಾಕ್ಷಸ ಒಂದೇ ಹೊಡೆತಕ್ಕೆ ಸಾಯುವ ಸಾಧ್ಯತೆ 64ರಲ್ಲಿ 15. ಎರಡನೆಯದರಲ್ಲಿ 64ರಲ್ಲಿ 24. ಮೂರನೆಯದರಲ್ಲಿ 64ರಲ್ಲಿ 36. ಅದೇ ಕತ್ತಿ, ಅದೇ ತೋಳು, ಅದೇ ಇಪ್ಪತ್ತು. ಒಂದು ಓದಿನಲ್ಲಿ ಅವನು ಬಹುತೇಕ ಬದುಕುತ್ತಾನೆ, ಇನ್ನೊಂದು ಓದಿನಲ್ಲಿ ಬಹುತೇಕ ಸಾಯುತ್ತಾನೆ. ನಿಯಮದ ಪುಸ್ತಕಗಳೂ ಒಂದೇ ಮಾತು ಹೇಳಿಲ್ಲ. 2000ದಲ್ಲಿ ಬಂದ ಮೂರನೆಯ ಆವೃತ್ತಿ ತೋಳ್ಬಲವನ್ನೂ ಎರಡು ಸಲ ಎಣಿಸಿತು. 2014ರ ಐದನೆಯ ಆವೃತ್ತಿ ದಾಳವನ್ನು ಮಾತ್ರ ಇಮ್ಮಡಿ ಮಾಡಿ ತೋಳ್ಬಲವನ್ನು ಒಮ್ಮೆಗೇ ನಿಲ್ಲಿಸಿತು. ಬಿದ್ದದ್ದನ್ನು ಇಮ್ಮಡಿ ಮಾಡುವ ನಡುವಿನ ರೂಢಿ, ಎರಡು ಸಲ ಎಸೆಯುವ ಬೇಸರಕ್ಕೆ ಮೇಜುಗಳಲ್ಲಿ ಬೆಳೆದದ್ದು.

ಇಲ್ಲಿ ಇನ್ನೊಂದು ಗಂಟಿದೆ. ಪೆಟ್ಟು ಎಂಟು ಎಂದರೆ ಏನು? ರಕ್ತ ಬಂತೇ, ಮೂಳೆ ಮುರಿಯಿತೇ? ಜೀವದಂಕವೆಂದರೆ ಬರೀ ಮೈಯ ಗಾಯವಲ್ಲ, ಅದರಲ್ಲಿ ಯೋಧನ ಚಾಕಚಕ್ಯತೆಯೂ ಅದೃಷ್ಟವೂ ಸೇರಿದೆ ಎಂದು ಗೈಗ್ಯಾಕ್ಸ್ 1979ರ ಮಾರ್ಗದರ್ಶಿ ಪುಸ್ತಕದಲ್ಲಿ ವಿವರಿಸಬೇಕಾಯಿತು. ಅಂಕಿಗೆ ರಕ್ತವಿಲ್ಲ. ಅದಕ್ಕೆ ರಕ್ತ ಕೊಡುವವನು ಮೇಜಿನ ತುದಿಯಲ್ಲಿ ಕುಳಿತ ಕಥೆಗಾರ. ಈ ಆಟದ ಮುತ್ತಜ್ಜನಂತಿರುವ ಪ್ರಷ್ಯಾ ಸೈನ್ಯದ ಯುದ್ಧದಾಟದಲ್ಲೂ ಇದೇ ಕಷ್ಟವಿತ್ತು. 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ದಾಳವೂ ಕೋಷ್ಟಕವೂ ಇಟ್ಟು, ಇಂಥ ಗುಂಡಿನ ಮಳೆಗೆ ಇಂತಿಷ್ಟು ಸೈನಿಕರ ನಷ್ಟ ಎಂದು ಎಣಿಸುವ ಕ್ರಮ ರೂಪಿಸಿದ. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಸೇನಾನಿ, ಈ ಕೋಷ್ಟಕಗಳ ಕಾಟ ಸಾಕು, ಅನುಭವಿಯಾದ ತೀರ್ಪುಗಾರ ನೋಡಿ ಹೇಳಲಿ ಎಂದ. ಪುಸ್ತಕವೋ ಪಂಚನೋ ಎಂಬ ಈ ವ್ಯಾಜ್ಯ ಇನ್ನೂ ತೀರಿಲ್ಲ.

ದಾಳದ ವಿಷಯಕ್ಕೆ ಬಂದಾಗ ನಮ್ಮವರಿಗೆ ಒಂದು ಮುಜುಗರ ಇದ್ದೇ ಇದೆ. ಜೂಜನ್ನು ಕುರ್‌ಆನ್ ನಿಷೇಧಿಸಿದೆ. ದಾಳದಾಟವಾದ ನರ್ದ್ ಕುರಿತು ಕಟುವಾದ ಹದೀಸ್‌ಗಳಿವೆ. ಚದುರಂಗದ ಬಗ್ಗೆ ಅಷ್ಟು ಏಕಮತವಿಲ್ಲ. ಇಮಾಮ್ ಶಾಫಿ ಅದನ್ನು ಇಷ್ಟಪಡದಿದ್ದರೂ ಹರಾಮ್ ಎನ್ನಲಿಲ್ಲ. ನಮ್ಮ ದಾದಿಗೆ ಕೇರಿಯ ಹಿರಿಯರೊಬ್ಬರು ಇದನ್ನೆಲ್ಲ ಹೇಳಿ ಕವಡೆ ಬಿಡಿಸಲು ನೋಡಿದ್ದುಂಟು. "ಪೈಸೆ ಇಟ್ಟು ಆಡ್ತಿಲ್ಲವಲ್ಲ ಭಾಯಿ" ಎಂದು ದಾದಿ ಕವಡೆ ಬಿಡಲಿಲ್ಲ. ಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ನಾವು ಇಲ್ಲಿ ಫತ್ವಾ ಕೊಡಲು ಕೂತಿಲ್ಲ. ಹತ್ತನೆಯ ಶತಮಾನದ ಇತಿಹಾಸಕಾರ ಅಲ್ ಮಸೂದಿ ದಾಖಲಿಸಿರುವ ಒಂದು ವಿಚಾರ ಮಾತ್ರ ನಮ್ಮ ಕೆಲಸಕ್ಕೆ ಬರುತ್ತದೆ. ಚದುರಂಗ ಕಟ್ಟಿದವನು ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯ ಉಂಟೆಂದು ನಂಬಿದವನು, ನರ್ದ್ ಕಟ್ಟಿದವನು ಎಲ್ಲವೂ ವಿಧಿಲಿಖಿತವೆಂದು ನಂಬಿದವನು ಎಂಬುದು ಅದು. ಚಂದದ ಮಾತು. ಆದರೆ ಜಗಲಿಯ ಮೇಲೆ ಕುಳಿತು ನೋಡಿದ ನಮಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕವಡೆ ಬಿದ್ದದ್ದು ನಸೀಬು ಎನ್ನೋಣ. ಬಿದ್ದದ್ದನ್ನು ಎಂಟು ಎನ್ನುವುದೂ ಹನ್ನೆರಡು ಎನ್ನುವುದೂ, ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕೆನ್ನುವುದೂ, ಯಾರ ಕಾಯಿಯನ್ನು ಹೊಡೆಯಬೇಕೆನ್ನುವುದೂ ನಸೀಬಲ್ಲ. ಅಲ್ಲಿ ಮನುಷ್ಯನ ಕೈಯಿದೆ. ಆ ಕೈಯನ್ನು ಮರೆಮಾಡಲು ನಸೀಬೆಂಬ ಮಾತು ಬಳಕೆಯಾಗುತ್ತದೆ.

ಈ ಕಣ್ಣಿನಿಂದ ಕನ್ನಡದ ಅತಿ ದೊಡ್ಡ ದಾಳದ ಪ್ರಸಂಗವನ್ನು ಮತ್ತೆ ಓದಬೇಕು ಅನ್ನಿಸಿತು. ಕುಮಾರವ್ಯಾಸನ ಸಭಾಪರ್ವದ ಜೂಜನ್ನು ಶಾಲೆಯಲ್ಲಿ ನಮಗೆ ಕಪಟದ್ಯೂತವೆಂದು ಕಲಿಸಿದರು. ಮೇಷ್ಟ್ರು ಶಕುನಿಯಾಗಿ ಕಣ್ಣು ಹೊಸಕಿ ದಾಳ ಉರುಳಿಸುತ್ತಿದ್ದುದು ಕಣ್ಣಿಗೆ ಕಟ್ಟಿದೆ. ಸತ್ತ ತಂದೆಯ ಮೂಳೆಯಿಂದ ಶಕುನಿ ದಾಳ ಮಾಡಿಸಿಕೊಂಡ ಕಥೆಯನ್ನು ಜನ ಸೇರಿಸಿಕೊಂಡರು. ಕಥೆಯಾಗಿ ಅದು ಭರ್ಜರಿ. ಆದರೆ ಅದು ನಮ್ಮ ಓದಿಗೆ ಒಂದು ಹಾನಿಯನ್ನೂ ಮಾಡಿದೆ. ತಪ್ಪೆಲ್ಲ ದಾಳದ ಮೇಲೆ ಹೋಯಿತು. ದಾಳ ಮೋಸದ್ದಾಗಿರದಿದ್ದರೆ ನಡೆದದ್ದೆಲ್ಲ ಸರಿ ಎಂಬಂತೆ ಆಯಿತು.

ದಾಳ ಶುದ್ಧವಾಗಿಯೇ ಇತ್ತು ಎಂದುಕೊಳ್ಳೋಣ. ಧರ್ಮರಾಯ ಸಿರಿ ಸೋತ, ತಮ್ಮಂದಿರನ್ನು ಸೋತ, ತನ್ನನ್ನು ಸೋತ, ಆಮೇಲೆ ದ್ರೌಪದಿಯನ್ನು ಒಡ್ಡಿದ. ಕರೆಯಲು ಬಂದವನನ್ನು ದ್ರೌಪದಿ ಹಿಂದಕ್ಕೆ ಕಳಿಸುತ್ತಾಳೆ, ಅರಸ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಕೇಳಿಕೊಂಡು ಬಾ ಎಂದು. ಈ ಪ್ರಶ್ನೆಯನ್ನು ಅಳುವ ಹೆಣ್ಣಿನ ಮೊರೆಯೆಂದು ಓದುವ ವಿಮರ್ಶೆ ನಮ್ಮಲ್ಲಿ ಬೇಕಾದಷ್ಟಿದೆ. ನಮಗೆ ಅದು ನಿಯಮದ ಪ್ರಶ್ನೆಯೆನ್ನಿಸುತ್ತದೆ, ಅದೂ ಬಹಳ ಕಟ್ಟುನಿಟ್ಟಾದದ್ದು. ಗರ ಎಷ್ಟು ಬಿತ್ತೆಂದು ಅವಳು ಕೇಳುವುದಿಲ್ಲ. ಶಕುನಿಯ ದಾಳವನ್ನು ಅವಳು ಮುಟ್ಟುವುದೂ ಇಲ್ಲ. ಆ ಗರಕ್ಕೆ ನನ್ನನ್ನು ತಾಗುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುತ್ತಾಳೆ. ಸೋತವನು ದಾಸ, ದಾಸನಿಗೆ ಸ್ವತ್ತಿಲ್ಲ, ಸ್ವತ್ತಿಲ್ಲದವನು ಏನನ್ನು ಒಡ್ಡಿದ?

ಸಭೆ ಕೊಟ್ಟ ಉತ್ತರಗಳನ್ನು ನೋಡಿ. ಸಂಸ್ಕೃತ ಭಾರತದಲ್ಲಿ ಭೀಷ್ಮ ಎರಡೂ ಕಡೆ ತೂಗುತ್ತಾನೆ: ಸ್ವತ್ತಿಲ್ಲದವನು ಪಣ ಒಡ್ಡುವಂತಿಲ್ಲ, ಆದರೆ ಹೆಂಡತಿ ಗಂಡನ ಅಧೀನ, ಧರ್ಮ ಸೂಕ್ಷ್ಮ, ಹೇಳಲಾರೆ. ವಿಕರ್ಣನೊಬ್ಬ ಎದ್ದು ಅವಳು ಸೋತವಳಲ್ಲ ಎನ್ನುತ್ತಾನೆ. ಅವಳು ಐವರಿಗೂ ಸೇರಿದವಳೆಂಬುದು ಅವನ ಕಾರಣಗಳಲ್ಲಿ ಒಂದು. ಕರ್ಣ, ಸರ್ವಸ್ವವನ್ನೂ ಒಡ್ಡಿದಾಗ ಅವಳೂ ಅದರಲ್ಲೇ ಬಂದಳಲ್ಲ ಎಂದು ಅವನ ಬಾಯಿ ಮುಚ್ಚಿಸುತ್ತಾನೆ. ಒಂದೇ ಗರಕ್ಕೆ ಮೂರು ಓದು, ನಮ್ಮ ಹುಡುಗನ ಮೇಜಿನ ಹಾಗೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಹೊಡೆತ ತಿಂದ ಕಾಯಿಯೇ ಎದ್ದು ನಿಂತು ನಿಯಮ ಕೇಳಿತು.

ಪಂಪನ ದಾರಿ ಬೇರೆ. ಅವನ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೊಂದಿಸಲು ಪಂಪ ಹೀಗೆ ಮಾಡಿದನೆಂದು ಎಲ್ಲರೂ ಬರೆದಿದ್ದಾರೆ, ಸರಿಯೇ. ಆದರೆ ಈ ಒಂದು ತಿದ್ದುಪಡಿಯಿಂದ ಜೂಜಿನ ನಿಯಮವೇ ಪಲ್ಲಟವಾಗುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಐವರಿಗೆ ಸೇರಿದವಳೆಂಬ ವಿಕರ್ಣನ ವಾದಕ್ಕೆ ಇಲ್ಲಿ ನೆಲೆಯಿಲ್ಲ. ಅದರ ಜಾಗದಲ್ಲಿ ಇನ್ನೂ ಚೂಪಾದ ಪ್ರಶ್ನೆ ಬಂದು ಕೂರುತ್ತದೆ: ತಮ್ಮನ ಹೆಂಡತಿಯ ಮೇಲೆ ಅಣ್ಣನಿಗೆ ಏನು ಹಕ್ಕು? ಕರಾವಳಿಯ ತಾಳಮದ್ದಲೆಯಲ್ಲಿ ದ್ರೌಪದಿಯ ಅರ್ಥ ಹೇಳುವವರು ಸಭೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹಿಡಿದು ನಿಲ್ಲಿಸಿ ವಾದಿಸುವುದುಂಟು. ಅಚ್ಚಿನ ವಿಮರ್ಶೆ ಆ ಕಲಾವಿದರಿಂದ ಕಲಿಯುವುದು ಸಾಕಷ್ಟಿದೆ. ಸೀರೆ ಬೆಳೆದ ಪವಾಡ ಬಂದ ಕೂಡಲೇ ನಮ್ಮ ವಿಮರ್ಶಕರು ಕಣ್ಣೊರೆಸಿಕೊಂಡು ಮುಂದಿನ ಪರ್ವಕ್ಕೆ ನಡೆದುಬಿಡುತ್ತಾರೆ. ಪವಾಡ ಮಾನ ಉಳಿಸಿತು. ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ದಾಳವೇ ಇಲ್ಲದ ಕಡೆಯೂ ಇಂಥ ಎಣಿಕೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಭಾಷೆಯಲ್ಲೇ ಇನ್ನೊಂದು ಕೃತಿಯಿದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾಳಿಗೂ ರಶೀದನಿಗೂ ಮನಸ್ಸು ಮುರಿದಿಲ್ಲ. ತಂದೆಯ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಕೂಡಬೇಕೆಂದರೆ ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದ ಬಿಡುಗಡೆಯಾಗಿ ಬರಬೇಕೆಂಬ ನಿಯಮವನ್ನು ಊರು ಅಕ್ಷರಶಃ ಓದುತ್ತದೆ. ನಾದಿರಾ ಮಸೀದಿಯ ಕೊಳದಲ್ಲಿ ಮುಳುಗುತ್ತಾಳೆ. ಕಾದಂಬರಿ ಬಂದಾಗ ನಮ್ಮಲ್ಲಿ ಅನೇಕರು, ಲೇಖಕಿ ಧರ್ಮವನ್ನು ಹಳಿದರು ಎಂದರು. ಹೊರಗಿನ ಕೆಲವರು, ಇಡೀ ಸಮುದಾಯ ಹೀಗೆಯೇ ಎಂದು ಸಂತೋಷಪಟ್ಟರು. ಎರಡು ಓದೂ ಕಾದಂಬರಿಯನ್ನು ತಪ್ಪಿಸಿಕೊಂಡವು ಎನ್ನಬೇಕು. ಸಾರಾ ಅವರ ಪುಟಗಳಲ್ಲಿ ಎದ್ದು ಕಾಣುವುದು ಎಣಿಸುವವರ ಸಾಲು. ಅಪ್ಪ ಎಣಿಸುತ್ತಾನೆ, ಗಂಡ ಎಣಿಸುತ್ತಾನೆ, ಊರು ಎಣಿಸುತ್ತದೆ. ಯಾರ ಮೈಮೇಲೆ ಲೆಕ್ಕ ಇಳಿಯುತ್ತದೋ ಅವಳೊಬ್ಬಳಿಗೆ ಎಣಿಸುವ ಪಾಳಿಯೇ ಬರುವುದಿಲ್ಲ.

ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಖ್ ಎಷ್ಟು? ಹನಫಿ ವಿದ್ವಾಂಸರ ರೂಢಿಯಲ್ಲಿ ಮೂರು. ಇಬ್ನ್ ತೈಮಿಯ್ಯಾ ಅವರ ಓದಿನಲ್ಲಿ, ಅಹ್ಲೆ ಹದೀಸ್ ಪಂಥದವರಲ್ಲಿ ಒಂದು. ಪ್ರವಾದಿಯವರ ಕಾಲದಲ್ಲೂ ಹಜ್ರತ್ ಅಬೂಬಕರ್ ಅವರ ಕಾಲದಲ್ಲೂ ಒಂದೆಂದು ಎಣಿಸುತ್ತಿದ್ದರು, ಜನ ಅವಸರಪಡುತ್ತಿದ್ದಾರೆಂದು ಹಜ್ರತ್ ಉಮರ್ ಮೂರನ್ನು ಮೂರೆಂದೇ ಜಾರಿ ಮಾಡಿದರು ಎಂಬ ವರದಿ ಸಹೀಹ್ ಮುಸ್ಲಿಂ ಗ್ರಂಥದಲ್ಲೇ ಇದೆ. ಅಸಡ್ಡೆಯ ಗಂಡಸರಿಗೆ ಬಿಸಿ ಮುಟ್ಟಿಸಲು ಬಿಗಿ ಮಾಡಿದ ಎಣಿಕೆಯೆಂದು ಇದನ್ನು ಅರ್ಥೈಸುವವರಿದ್ದಾರೆ. ನಮ್ಮ ಕೇರಿಗಳಲ್ಲಿ ಆ ಬಿಸಿ ಮುಟ್ಟಿದ್ದು ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಆಗಸ್ಟ್ 22ರಂದು ಶಾಯರಾ ಬಾನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಅಸಿಂಧುಗೊಳಿಸಿದ ಮೇಲೆ ಎಣಿಕೆ ಸೊನ್ನೆಯಾಯಿತು. 2019ರ ಕಾನೂನು ಆ ಸೊನ್ನೆಯ ಮೇಲೆ ಗಂಡನಿಗೆ ಮೂರು ವರ್ಷದವರೆಗಿನ ಜೈಲನ್ನೂ ಹೇರಿತು. ಮೂರು, ಒಂದು, ಸೊನ್ನೆ. ಬಾಯಿಂದ ಬಿದ್ದ ಮಾತು ಒಂದೇ. ಶಾಯರಾ ಬಾನೋ ಅರ್ಜಿ ಹಾಕಿದ್ದು ನಮಗೆ ದೊಡ್ಡ ಸಂಗತಿ, ಏಕೆಂದರೆ ಅಲ್ಲೂ ಕಾಯಿಯೇ ನಿಯಮ ಕೇಳಿತು. ಆದರೆ ಜೈಲಿನ ಕಲಮು ಬರೆಯುವಾಗ, ಗಂಡ ಒಳಗೆ ಹೋದ ಮೇಲೆ ಮನೆಯ ಒಲೆ ಯಾರು ಹೊತ್ತಿಸುತ್ತಾರೆ ಎಂದು ಆ ಒಲೆಯ ಮುಂದೆ ಕೂತವಳನ್ನು ಯಾರೂ ಸರಿಯಾಗಿ ಕೇಳಲಿಲ್ಲ ಎಂಬ ಅಸಮಾಧಾನ ನಮಗೆ ಉಳಿದಿದೆ.

ದೀನಿನ ವಿಷಯವನ್ನು ದಾಳದ ಪಕ್ಕ ಇಟ್ಟಿರಲ್ಲ ಎಂದು ಈ ಪತ್ರಿಕೆಯ ಕೆಲವು ಓದುಗರು ಮುನಿಯಬಹುದು. ನಾವು ದೀನನ್ನು ಅಲ್ಲಿಡುತ್ತಿಲ್ಲ, ಎಣಿಸುವವರನ್ನು ಇಡುತ್ತಿದ್ದೇವೆ. ಕಥೆ ಬರೆಯುವ ನಮ್ಮನ್ನೂ ಆ ಸಾಲಿಗೇ ಸೇರಿಸಿಕೊಳ್ಳುತ್ತೇವೆ. ಮುಗಿಸಲು ಗೊತ್ತಾಗದ ಕಥೆಯೊಂದರಲ್ಲಿ ಪಾತ್ರವೊಂದನ್ನು ಬಸ್ಸಿನಡಿ ಹಾಕಿ, ಹಣೆಬರಹ ಎಂದು ಬರೆದು ಕೈತೊಳೆದುಕೊಂಡ ಪಾಪ ನಮ್ಮದೂ ಇದೆ. ಆ ಹಣೆಬರಹವನ್ನು ಬರೆದದ್ದು ನಮ್ಮದೇ ಪೆನ್ನು. ಡಂಜನ್ ಮಾಸ್ಟರು ತನ್ನ ಮುಂದೆ ರಟ್ಟಿನ ಪರದೆ ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಎಸೆಯುತ್ತಾನಂತೆ. ಬಿದ್ದದ್ದು ಮೂರಾದರೂ ಕಥೆ ಕೆಡುತ್ತದೆನಿಸಿದರೆ ಏಳು ಎನ್ನುತ್ತಾನಂತೆ. ಇದು ಮೋಸವೋ ಕಲೆಯೋ ಎಂದು ಆ ಆಟದವರಲ್ಲಿ ದೊಡ್ಡ ಜಗಳವಿದೆ. ಕಥೆಗಾರರಲ್ಲಿ ಈ ಜಗಳ ಇನ್ನೂ ಶುರುವಾಗದಿರುವುದೇ ಸೋಜಿಗ.

ಹುಡುಗನಿಗೆ ನ್ಯಾಯ ಹೇಳಬೇಕಿತ್ತಲ್ಲ. ನಿಮ್ಮ ಕೈಲಿರುವುದು ಯಾವ ಇಸವಿಯ ಪುಸ್ತಕ ಎಂದು ಕೇಳಿದೆವು. 2014ರದು ಎಂದ. ಹಾಗಿದ್ದರೆ ದಾಳ ಎರಡು ಸಲ, ಮೂರು ಒಂದೇ ಸಲ, ಬೇರೆ ರೂಢಿ ಬೇಕಿದ್ದರೆ ಆಟಕ್ಕೆ ಮುಂಚೆ ಹೇಳಿಕೊಳ್ಳಬೇಕಿತ್ತು ಎಂದೆವು. ದಾದಿಯ ಜಗಲಿಯ ಅಜ್ಜಿಯ ಮಾತನ್ನೇ ಹೇಳಿದ್ದು, ಹೊಸದೇನಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅದು ಆಗಲೇ ಸತ್ತುಹೋಯ್ತು ಖಾಲಾ. ಬಿದ್ದದ್ದನ್ನ ಡಬಲ್ ಮಾಡಿಬಿಟ್ವಿ."

"ರಾಕ್ಷಸನ ಪರವಾಗಿ ಯಾರೂ ಕೇಳಲಿಲ್ವೇನೋ?"

"ರಾಕ್ಷಸ ಮಾಸ್ಟರ್‌ದು. ಅವನಿಗೂ ಮನೆಗೆ ಹೋಗೋ ಅವಸರ ಇತ್ತು" ಎಂದು ನಕ್ಕ. ಮುಂದಿನ ಭಾನುವಾರ ಹೊಸ ಆಟವಂತೆ. ಈ ಸಲ ಎಣಿಕೆಯ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ನಡುವೆ ಇಡುತ್ತಾರಂತೆ.